ಅತ್ತೆ ಎಳೆಯುತ್ತಿದ್ದ ಮಿಣಿ

ಕೊಲ್ಹಾಪುರದ ಕಾಲೇಜಿನಲ್ಲಿ ನನ್ನ ಕೊನೆಯ ವರ್ಷದ ಪರೀಕ್ಷೆ ಮುಗಿದ ದಿನ, ಒಂದು ಸಹಿಗಾಗಿ ಕಚೇರಿಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದೆ. ಒಳಗೆ ಜವಾನನೊಬ್ಬ ಉತ್ತರಪತ್ರಿಕೆಗಳ ಕಟ್ಟುಗಳಿಗೆ ಮುದ್ರೆ ಹಾಕುತ್ತಿದ್ದ. ಮೇಣದಬತ್ತಿಯ ಮೇಲೆ ಹಿಡಿದ ಅರಗಿನ ಕಡ್ಡಿ ಮೆತ್ತಗಾಗಿ, ಬಾಗಿ, ದಾರದ ಗಂಟಿನ ಮೇಲೆ ಕೆಂಪಗೆ ತೊಟ್ಟಿಕ್ಕುತ್ತಿತ್ತು. ಕಾಯ್ದ ಅರಗಿನ ವಾಸನೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ: ಮೊದಲು ಸಿಹಿ, ಆಮೇಲೆ ಸ್ವಲ್ಪ ಕಹಿ, ಕೊನೆಗೆ ಗಂಟಲಿನಲ್ಲಿ ಉಳಿದುಬಿಡುವಂಥದು. ಆದರೆ ಆ ಕಚೇರಿಯ ವಾಸನೆಯಲ್ಲಿ ಏನೋ ಕಡಿಮೆಯಿತ್ತು. ತಿಕ್ಕಾಟದಿಂದ ಬಿಸಿಯಾದ ಬಿಳಿ ಕಟ್ಟಿಗೆಯ ವಾಸನೆ ಅದರ ಅಡಿಯಲ್ಲಿ ಇರಬೇಕಾಗಿತ್ತು, ಇರಲಿಲ್ಲ. ಇಲ್ಲದ್ದರಿಂದಲೇ ನನಗೆ ಗಡಹಿಂಗ್ಲಜದ ಮನೆ ನೆನಪಾಯಿತು. ಸಹಿ ತೆಗೆದುಕೊಂಡು ಹೊರಗೆ ಬಂದೆ. ಹೇಳಿದರೆ ತಿಳಿಯುವವರು ಅಲ್ಲಿ ಯಾರೂ ಇರಲಿಲ್ಲ. ಅಂಥ ಮನೆಯೊಂದು ನಿಮಗೂ ಇದ್ದು ಈಗ ಇಲ್ಲವಾಗಿದ್ದರೆ, ನಾನು ಮುಂದೆ ಬರೆಯುವುದು ನಿಮಗೆ ಅಪರಿಚಿತವೆನ್ನಿಸಲಾರದು.

ಅದು ನನ್ನ ಸೋದರಮಾವನ ಮನೆ. ನನ್ನ ತಾಯಿ ತೀರಿಕೊಂಡ ಮೇಲೆ, ಕೊಲ್ಹಾಪುರದಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನನ್ನ ತಂದೆ ನನ್ನನ್ನು ಅಲ್ಲಿ ಬಿಟ್ಟಿದ್ದರು. ಮಾವನ ಹೆಸರು ಮಾನಪ್ಪ. ಊರವರು ಖರಾದಿ ಮಾನಪ್ಪ ಎನ್ನುತ್ತಿದ್ದರು. ಖರಾದು ಎಂದರೆ ಕಟ್ಟಿಗೆಯನ್ನು ಗರಗರ ತಿರುಗಿಸಿ ಉಳಿಯಿಂದ ಕಡೆಯುವ ಸಾಧನ. ತೊಟ್ಟಿಲಿನ ಗುಬ್ಬಿ, ಲಟ್ಟಣಿಗೆ, ಕಡೆಗೋಲು, ಮಂಚದ ಕಾಲು, ಮಕ್ಕಳ ಬುಗುರಿ, ಹೀಗೆ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ದುಂಡಗಿದ್ದ ಕಟ್ಟಿಗೆಯ ಸಾಮಾನೆಲ್ಲ ಹೆಚ್ಚುಕಡಿಮೆ ನಮ್ಮ ಪಡಸಾಲೆಯಿಂದ ಹೋದದ್ದೇ. ಆ ಪಡಸಾಲೆಯ ಮಣ್ಣಿನ ನೆಲದಲ್ಲಿ ಮಾವನ ತಂದೆ ಎರಡು ಗಿಡ್ಡ ಕಂಬಗಳನ್ನು ಹುಗಿದಿದ್ದರು. ಕಡೆಯಬೇಕಾದ ತುಂಡು ಅವೆರಡರ ನಡುವೆ ಕಬ್ಬಿಣದ ಮೊನೆಗಳಿಗೆ ಸಿಕ್ಕಿಕೊಂಡು ಕೂಡುತ್ತಿತ್ತು. ತುಂಡಿನ ಮೈಗೆ ತೊಗಲಿನ ಮಿಣಿಯೊಂದನ್ನು ಸುತ್ತಿರುತ್ತಿದ್ದರು. ಮಾವ ಈಚೆ ಕುಳಿತು, ಕಬ್ಬಿಣದ ಪಟ್ಟಿಯ ಮೇಲೆ ಉಳಿಯನ್ನು ಆನಿಸಿ, ಅದರ ತುದಿಯನ್ನು ಬಲಗಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದ. ಆಚೆ, ಅವನಿಗೆ ಎದುರಾಗಿ, ಮಿಣಿಯ ಎರಡೂ ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಅತ್ತೆ ಕೂಡುತ್ತಿದ್ದಳು. ಒಂದು ಕೈ ಎಳೆದಾಗ ಇನ್ನೊಂದು ಬಿಡಬೇಕು. ಬಲಗೈ ಎಳೆದಾಗ ಕಟ್ಟಿಗೆ ಮಾವನ ಕಡೆಗೆ ತಿರುಗುತ್ತಿತ್ತು, ಉಳಿ ಕಚ್ಚುತ್ತಿತ್ತು; ಎಡಗೈ ಎಳೆದಾಗ ಕಟ್ಟಿಗೆ ಹಿಮ್ಮರಳುತ್ತಿತ್ತು, ಉಳಿ ಕೂದಲೆಳೆಯಷ್ಟು ಮೇಲೇಳುತ್ತಿತ್ತು. ಬಿಳಿಯ ಸಿಪ್ಪೆ ಸುರುಳಿ ಸುರುಳಿಯಾಗಿ ಮಾವನ ತೊಡೆಯ ಮೇಲೆ ಬೀಳುತ್ತಿತ್ತು. ಅದು ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ನಾನು ಅದನ್ನು ಎರಡೂ ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಶಾಲೆಗೆ ಹೋಗುತ್ತಿದ್ದೆ.

ಅತ್ತೆಯ ಹೆಸರು ಗೌರವ್ವ. ಗಂಡಹೆಂಡಿರು ಒಬ್ಬರ ಹೆಸರನ್ನು ಒಬ್ಬರು ಹೇಳುವ ವಾಡಿಕೆ ಇರಲಿಲ್ಲವಾದ್ದರಿಂದ ಮಾವ ಆ ಹೆಸರನ್ನು ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ನೇರವಾಗಿ ಮಾತಾಡಿದ್ದನ್ನು ಕೇಳಿದ್ದೂ ಕಡಿಮೆ. ಊಟಕ್ಕೆ ಕುಳಿತಾಗ ಮಾವನಿಗೆ ಇನ್ನೊಂದು ರೊಟ್ಟಿ ಬೇಕಾದರೆ ನನ್ನ ಕಡೆ ನೋಡುತ್ತಿದ್ದ. ಒಲೆಯ ಮುಂದಿನ ಅತ್ತೆ, ನಿಮ್ಮ ಮಾವಗ ಪಲ್ಯೆ ಬೇಕೇನು ಕೇಳು ಎಂದು ನನಗೆ ಹೇಳುತ್ತಿದ್ದಳು. ನಾನು ನಡುವೆ ಕುಳಿತು ಎರಡೂ ಕಡೆಯ ಮಾತು ಸಾಗಿಸುತ್ತಿದ್ದೆ. ಅದರಲ್ಲಿ ಮುನಿಸೇನೂ ಇರಲಿಲ್ಲ. ಖರಾದಿನ ಮುಂದೆ ಕುಳಿತಾಗ ಮಾತ್ರ ಅವರಿಗೆ ನನ್ನ ಅಗತ್ಯವಿರಲಿಲ್ಲ. ಮಾವ ಉಳಿಯ ಹಿಡಿಕೆಯಿಂದ ಕಬ್ಬಿಣದ ಪಟ್ಟಿಯನ್ನು ಒಮ್ಮೆ ಟಕ್ಕೆಂದು ಬಡಿಯುತ್ತಿದ್ದ, ಅತ್ತೆ ಎಳೆಯತೊಡಗುತ್ತಿದ್ದಳು. ನಿಲ್ಲಿಸುವುದಕ್ಕೆ ಅಷ್ಟೂ ಬೇಕಾಗಿರಲಿಲ್ಲ. ಅವಳು ಕಟ್ಟಿಗೆಯನ್ನು ನೋಡುತ್ತಿರಲಿಲ್ಲ, ಮಾವನ ಮುಂಗೈಯನ್ನು ನೋಡುತ್ತಿದ್ದಳು. ಆಕಾರ ಬಂದ ಮೇಲೆ ಮಾವ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಿದ್ದ. ಅತ್ತೆಯ ಕೈ ಚುರುಕಾಗುತ್ತಿತ್ತು, ಕಟ್ಟಿಗೆಯ ಕಾವಿಗೆ ಅರಗು ಕರಗಿ ಮೈತುಂಬ ಹರಡುತ್ತಿತ್ತು, ಮೇಲೆ ಕೇದಿಗೆಯ ಎಲೆ ಹಿಡಿದರೆ ಹೊಳಪು ಬರುತ್ತಿತ್ತು. ಕೆಂಪು, ಹಳದಿ, ಕಡುಹಸಿರು. ಆ ಹೊತ್ತಿನಲ್ಲಿ ಏಳುತ್ತಿದ್ದ ವಾಸನೆಯನ್ನೇ ನಾನು ಮೊದಲು ಹೇಳಿದ್ದು.

ಶಾಲೆಯಲ್ಲಿ ನಾನು ಎರಡನೆಯ ಇಯತ್ತೆಗೆ ಬರುವ ಹೊತ್ತಿಗೆ ಪಡಸಾಲೆಯಲ್ಲಿ ಕೆಲಸ ಕಡಿಮೆಯಾಗಿತ್ತು. ಕೊಲ್ಹಾಪುರದ ಪೇಟೆಯಿಂದ ತಗಡಿನ ಆಟಿಕೆಗಳು ಬರುತ್ತಿದ್ದವು. ಚಾವಿ ಕೊಟ್ಟರೆ ಓಡುವ ಮೋಟಾರನ್ನು ಕಂಡ ಹುಡುಗ ಬುಗುರಿಯನ್ನು ಯಾಕೆ ಕೇಳುತ್ತಾನೆ? ಇಚಲಕರಂಜಿಯಲ್ಲಿ ಮಗ್ಗಗಳು ಹೆಚ್ಚುತ್ತಿದ್ದ ಕಾಲವದು. ನೂಲು ಸುತ್ತುವ ಕಟ್ಟಿಗೆಯ ಬಾಬಿನುಗಳನ್ನು ಅಲ್ಲಿಯ ಒಂದು ಕಾರಖಾನೆಯಲ್ಲಿ ಇಂಜಿನ್ನಿನ ಮೇಲೆ ಕಡೆಯುತ್ತಿದ್ದರು. ಕೈ ಪಳಗಿದವರು ಬೇಕು, ಬಾ ಎಂದು ಮಾವನಿಗೆ ಎರಡು ಸಲ ಹೇಳಿಕಳಿಸಿದ್ದರು. ಮಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅತ್ತೆ ಮಾತ್ರ ಒಂದು ದಿನ ನನ್ನ ತಲೆ ಬಾಚುತ್ತ, ನನಗೆ ಹೇಳುವಂತೆ ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: “ಅಲ್ಲಿ ಇಂಜಿನ್ ಎಳೀತೈತಂತ. ಮತ್ತ ನಾ ಹೋಗಿ ಏನ ಮಾಡ್ಲಿ?”

ಅಂಥದರಲ್ಲಿ ನಮ್ಮ ಶಾಲೆಯ ಹೆಡಮಾಸ್ತರರು ಮನೆಗೆ ಬಂದರು. ಶಾಲೆಯಲ್ಲಿ ಕೈಕಸಬು ಕಲಿಸುವ ಮಾಸ್ತರರ ಒಂದು ಜಾಗ ಹುಟ್ಟಲಿದೆ, ಕೊಲ್ಹಾಪುರದಿಂದ ಸಾಹೇಬರೊಬ್ಬರು ನೋಡಲು ಬರುತ್ತಾರೆ, ಅವರ ಮುಂದೆ, ಸಣ್ಣ ಮಕ್ಕಳ ಮುಂದೆ ಮಾವ ಕೆಲಸ ಮಾಡಿ ತೋರಿಸಬೇಕು, ಸಾಹೇಬರ ಮನಸ್ಸಿಗೆ ಬಂದರೆ ಜಾಗ ಅವನದೇ ಎಂದರು. ಅತ್ತೆ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದಳು. ಆ ಜಾಗ ಸಿಕ್ಕರೆ ಊರು ಬಿಡಬೇಕಾಗಿರಲಿಲ್ಲ. ಹಗಲು ಮಾವ ಶಾಲೆಯಲ್ಲಿದ್ದರೂ ಸಂಜೆ ಇಬ್ಬರೂ ಪಡಸಾಲೆಯಲ್ಲಿ ಕೂಡಬಹುದಿತ್ತು. ಹೆಡಮಾಸ್ತರರು ಹೋದ ಮೇಲೆ ಅವಳು ನನ್ನ ಮೂಲಕ ಕೇಳಿಸಿದ್ದು ಒಂದೇ: ಅಲ್ಲಿ ಮಿಣಿ ಎಳೆಯುವವರು ಯಾರು? ನೀನೇ ಬಾ ಎಂದು ಮಾವ ನನ್ನ ಮೂಲಕವೇ ಹೇಳಿಸಿದ. ಅವಳು ಒಪ್ಪಲಿಲ್ಲ. ನಾಚಿಕೆಯಿಂದಲ್ಲ. ತಾನು ಹೋಗಿ ಕುಳಿತರೆ ಇದು ಇಬ್ಬರ ಕೆಲಸವೆಂದು ಸಾಹೇಬರಿಗೆ ಗೊತ್ತಾಗುತ್ತದೆ, ಜಾಗ ಒಬ್ಬರದು, ಶಾಲೆಯ ಸಿಪಾಯಿಯನ್ನೇ ಕಳಿಸಿರಿ, ನಾನು ಕಲಿಸುತ್ತೇನೆ ಎಂದಳು. ಅವಳು ಅಷ್ಟು ಉದ್ದ ಮಾತಾಡಿದ್ದು ನನಗೆ ಹೊಸದು.

ಸಿಪಾಯಿ ದಾದು ಪೈಲವಾನನಾಗಿದ್ದ. ಕೊಲ್ಹಾಪುರದ ತಾಲೀಮಿನಲ್ಲಿ ಮೈ ಬೆಳೆಸಿ, ಮೊಣಕಾಲು ಉಳುಕಿ ಕುಸ್ತಿ ಬಿಟ್ಟು, ಶಾಲೆಯ ಗಂಟೆ ಬಾರಿಸುತ್ತಿದ್ದ. ಸಂಜೆ ಬಂದು ಖರಾದಿನ ಮುಂದೆ ಕುಳಿತರೆ ಪಡಸಾಲೆಗೆ ಕತ್ತಲೆ ಬಂದಂತಾಗುತ್ತಿತ್ತು. ಮೊದಲ ದಿನ ಅವನು ಮಿಣಿ ಎಳೆದ ರಭಸಕ್ಕೆ ಕಂಬವೇ ಅಲ್ಲಾಡಿತು. ಅವನ ಹೆಗಲಿಗೂ ಬಾರದ ಅತ್ತೆ ಬೆನ್ನ ಹಿಂದೆ ನಿಂತುಕೊಂಡು, “ಎಮ್ಮಿ ಹಗ್ಗ ಅಲ್ಲೋ ದಾದೂ ಅದು. ಎಳ್ಯಾಕ ಎಲ್ಲಾರಿಗೂ ಬರತೈತಿ, ಬಿಡೂದು ಕಲಿ” ಎಂದಳು. ದಾದು ಹಣೆಯ ಬೆವರು ಒರೆಸಿಕೊಂಡು, “ಬಿಡು ಅಂತ ತಾಲೀಮಿನ್ಯಾಗ ಯಾರೂ ಕಲಸಲಿಲ್ರಿ ವಹಿನಿ” ಎಂದ. ಮಾವ ನಕ್ಕದ್ದನ್ನು ನಾನು ಅಂದು ಕಂಡೆ. ಅತ್ತೆ ಬಿಡಲಿಲ್ಲ. ಹೂಂ ಎಂದಾಗ ಶುರು ಮಾಡಬೇಕು, ಸಾಕು ಎಂದಾಗ ನಿಲ್ಲಬೇಕು ಎಂದು ಅವನಿಗೆ ಕಟ್ಟಳೆ ಹಾಕಿ, ದಿನವೂ ಸಂಜೆ ಕೂಡಿಸಿ, ಆ ದೊಡ್ಡ ಕೈಗಳನ್ನು ಸ್ವಲ್ಪಮಟ್ಟಿಗೆ ಪಳಗಿಸಿದಳು. ಮಾವನಿಗೆ ಇನ್ನೊಂದು ತೊಂದರೆಯಿತ್ತು. ಕೆಲಸ ಮಾಡುತ್ತಲೇ ಮಕ್ಕಳಿಗೆ ವಿವರಿಸಬೇಕು, ಅದೂ ಶಾಲೆಯ ಭಾಷೆಯಾದ ಮರಾಠಿಯಲ್ಲಿ, ಎಂದು ಹೆಡಮಾಸ್ತರರು ತಾಕೀತು ಮಾಡಿದ್ದರು. ಮಾವ ನನ್ನನ್ನು ಮುಂದೆ ಕೂಡಿಸಿಕೊಂಡು ರೂಢಿ ಮಾಡುತ್ತಿದ್ದ. ಮುಲಾಂನೋ, ಹೇ ಲಾಕೂಡ, ಮಕ್ಕಳೇ, ಇದು ಕಟ್ಟಿಗೆ, ಎಂದು ಹೇಳಿ ಅಲ್ಲಿಗೆ ನಿಂತುಬಿಡುತ್ತಿದ್ದ. ಕಟ್ಟಿಗೆಯ ಬಗ್ಗೆ ಅದಕ್ಕಿಂತ ಹೆಚ್ಚು ಏನು ಹೇಳಬೇಕೆಂಬುದು ಅವನಿಗೆ ತೋಚುತ್ತಿರಲಿಲ್ಲ.

ಆ ದಿನ ಶಾಲೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ನೆಲ ಅಗೆದು ಎರಡು ಹೊಸ ಗೂಟ ಹುಗಿದಿದ್ದರು. ಸಣ್ಣ ಇಯತ್ತೆಯ ಮಕ್ಕಳನ್ನೆಲ್ಲ ಮುಂದೆ ಸಾಲಾಗಿ ಕೂಡಿಸಿದ್ದರು. ಅವರಲ್ಲಿ ನಾನೂ ಇದ್ದೆ. ಸಾಹೇಬರು ಕುರ್ಚಿಯ ಮೇಲೆ, ಮಗ್ಗುಲಲ್ಲಿ ಹೆಡಮಾಸ್ತರರು. ಅತ್ತೆ ಅರಗಿನ ಕಡ್ಡಿ, ಕೇದಿಗೆ ಎಲೆಗಳ ಗಂಟನ್ನು ಹೊತ್ತು ಬಂದವಳು ಅದನ್ನು ಮಾವನಿಗೆ ಕೊಟ್ಟು, ಸಾಹೇಬರಿಗೆ ಕಾಣದಂತೆ ಶಾಲೆಯ ಗೋಡೆಯ ಮರೆಗೆ, ಮಕ್ಕಳನ್ನು ಕರೆತಂದ ಹೆಂಗಸರೊಂದಿಗೆ ಕುಳಿತಳು. ಮಾವ ಹೊಸ ಅಂಗಿ ಹಾಕಿದ್ದ. ತುಂಡನ್ನು ಮೇಲೆತ್ತಿ ಹಿಡಿದು, ಮುಲಾಂನೋ, ಹೇ ಲಾಕೂಡ ಎಂದ. ಮಾಸ್ತರರು ಹೇಳಿದ್ದನ್ನೆಲ್ಲ ಒಟ್ಟಾಗಿ ತಿರುಗಿ ಹೇಳುವ ಅಭ್ಯಾಸ ನಮಗೆಲ್ಲ ಇತ್ತು. ಅಂಗಳದ ತುಂಬ ಒಂದೇ ದನಿಯಲ್ಲಿ, ಹೇ ಲಾಕೂಡ ಎಂದು ಕೂಗಿದೆವು. ಮಾವ ಬೆಚ್ಚಿಬಿದ್ದ. ಮುಂದಿನ ಮಾತು ಅವನಿಗೆ ಮೊದಲೂ ಇರಲಿಲ್ಲ, ಈಗಂತೂ ಬರಲಿಲ್ಲ. ದಾದುವಿಗೆ ಹೂಂ ಎಂದ. ಹೂಂ ಎಂದು ನಾವೂ ಕೂಗಿದೆವು. ಸಾಹೇಬರು ನಕ್ಕರು.

ದಾದು ಚೆನ್ನಾಗಿಯೇ ಶುರು ಮಾಡಿದ. ಬುಗುರಿಯ ಹೊಟ್ಟೆ ಮೂಡಿತು, ಕುತ್ತಿಗೆ ಮೂಡತೊಡಗಿತು. ಅಷ್ಟರಲ್ಲಿ ಹಿಂದಿನ ಸಾಲಿನ ಯಾರೋ ಮಿಣಿಯ ಗತಿಗೆ ಸರಿಯಾಗಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟತೊಡಗಿದರು. ಬಹಳ ದಿನಗಳಿಂದ ಜನರ ಚಪ್ಪಾಳೆ ಕೇಳದ ಪೈಲವಾನ. ಅವನ ಕತ್ತಿನ ನರಗಳು ಉಬ್ಬಿದವು, ಕೈ ಏರಿತು. ಬಿಡುವುದನ್ನು ಅವನು ಮರೆತ. ಎಳೆಯುವವರಿಗೆ ಮೆಲ್ಲಗೆ ಎಂದು ಹೇಳುವ ಪ್ರಸಂಗ ಮಾವನಿಗೆ ಜೀವಮಾನದಲ್ಲಿ ಬಂದಿರಲಿಲ್ಲ, ಆ ಮಾತು ಅವನ ಬಾಯಿಗೆ ಬರಲಿಲ್ಲ. ಉಳಿ ಆಳಕ್ಕೆ ಕಚ್ಚಿತು. ಬುಗುರಿ ಕುತ್ತಿಗೆಯಲ್ಲಿ ಮುರಿದು, ಹಾರಿ, ಮೊದಲನೆಯ ಇಯತ್ತೆಯ ಒಬ್ಬ ಹುಡುಗಿಯ ಮಡಿಲಲ್ಲಿ ಬಿತ್ತು. ಅವಳಿಗೆ ಏನೂ ಆಗಲಿಲ್ಲ. ಕೊಟ್ಟರೇನೋ ಎಂದುಕೊಂಡು ಅವಳು ಅದನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡಳು. ಅಂಗಳವೆಲ್ಲ ನಕ್ಕಿತು.

ಮಾವ ನಗಲಿಲ್ಲ, ಮುಖ ಬಾಡಿಸಲೂ ಇಲ್ಲ. ಇನ್ನೊಂದು ತುಂಡು ತೆಗೆದ. ಮೊನೆಗಳಿಗೆ ಸಿಕ್ಕಿಸಿದ, ಮಿಣಿ ಸುತ್ತಿದ, ಉಳಿಯನ್ನು ಕೈಗೆ ತೆಗೆದುಕೊಂಡ. ಅವನ ಗಮನವೆಲ್ಲ ಕಟ್ಟಿಗೆಯ ಮೇಲಿತ್ತು. ಹಿಡಿಕೆಯಿಂದ ಪಟ್ಟಿಯನ್ನು ಒಮ್ಮೆ ಬಡಿದ. ದಾದು ಸುಮ್ಮನೆ ಕುಳಿತಿದ್ದ. ಹೂಂ ಎನ್ನದೆ ಅವನು ಶುರು ಮಾಡುವವನಲ್ಲ. ಆ ಬಡಿತವನ್ನು ಅತ್ತೆ ಅವನಿಗೆ ಕಲಿಸಿರಲಿಲ್ಲ; ಅದೂ ಕಲಿಸಬೇಕಾದ ಸಂಗತಿಯೆಂದು ಅವಳಿಗೆ ಹೊಳೆದಿರಲಿಲ್ಲ. ನಾನು ಗೋಡೆಯ ಕಡೆ ನೋಡಿದೆ. ಅತ್ತೆ ಎದ್ದಿದ್ದಳು. ಪಕ್ಕದವಳೊಂದಿಗೆ ಏನೋ ಹೇಳುತ್ತಿದ್ದವಳು ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದಳು. ಮಕ್ಕಳ ಸಾಲುಗಳ ನಡುವೆ, ಮನೆಯ ಒಲೆಯಿಂದ ಪಡಸಾಲೆಗೆ ಬರುವಂತೆ ಬಂದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ದಾದು ಏನೂ ಕೇಳದೆ ಜಾಗ ಬಿಟ್ಟುಕೊಟ್ಟ. ಅವಳು ಕುಳಿತು ಮಿಣಿ ಹಿಡಿದು ಎಳೆಯತೊಡಗಿದ ಮೇಲೆಯೇ, ಅವಳ ಮುಖ ನೋಡಿದರೆ, ತಾನು ಎಲ್ಲಿದ್ದೇನೆಂಬುದು ಅವಳಿಗೆ ತಿಳಿದಂತಿತ್ತು. ಮಾವನಿಗೂ ಅಷ್ಟೇ. ಆದರೆ ಆಗ ಉಳಿ ಕಟ್ಟಿಗೆಗೆ ತಾಗಿತ್ತು, ಇಬ್ಬರೂ ನಿಲ್ಲಿಸಲಿಲ್ಲ.

ಆಮೇಲೆ ನಡೆದದ್ದನ್ನು ನೋಡಿದ ಮಕ್ಕಳು ಈಗ ದೊಡ್ಡವರಾಗಿ ಎಲ್ಲೆಲ್ಲೋ ಇದ್ದಾರೆ. ಅವರಿಗೆ ಅದು ನೆನಪಿದೆಯೋ ಇಲ್ಲವೋ. ಅಂಗಳ ಶಾಂತವಾಯಿತು, ಯಾರೂ ಚಪ್ಪಾಳೆ ತಟ್ಟಲಿಲ್ಲ. ಬಿಳಿಯ ಸುರುಳಿಗಳು ಕಡಿಯದೆ ಬಂದವು. ಎಲ್ಲಕ್ಕಿಂತ ವಿಚಿತ್ರವೆಂದರೆ ಮಾವ ಮಾತಾಡತೊಡಗಿದ. ಮರಾಠಿಯಲ್ಲಲ್ಲ, ಮನೆಯ ಮಾತಿನಲ್ಲಿ, ತಲೆಯೆತ್ತದೆ. “ಇದು ಹಾಲಿ ಗಿಡದ ಕಟ್ಟಿಗಿ. ಹಸೀ ಇದ್ದಾಗ ಕಡದ್ರ ಹಾಲ ಸುರೀತೈತಿ. ನೆರಳಾಗ ಇಟ್ಟ ಒಣಗಸಬೇಕು, ಬಿಸಲಿಗಿ ಇಟ್ಟರ ಸಿಟ್ಟ ಮಾಡಕೊಂಡ ಸೀಳತೈತಿ. ಒಣಗಿದ ಮ್ಯಾಗ ನೋಡ್ರಿ, ಬೆಣ್ಣಿ ಇದ್ದಂಗ.” ಯಾವ ಮಕ್ಕಳೂ ಅದನ್ನು ತಿರುಗಿ ಹೇಳಲಿಲ್ಲ. ಕನ್ನಡ ಬಾರದ ಮಕ್ಕಳೂ ಬಾಯಿ ತೆರೆದು ನೋಡುತ್ತಿದ್ದರು. ಕೆಂಪು ಅರಗು ಹರಡಿತು, ಅದರ ಮೇಲೆ ಹಳದಿಯ ಎರಡು ಗೆರೆ ಕೂತವು. ಸಾಹೇಬರು ಕುರ್ಚಿ ಬಿಟ್ಟು ಎದ್ದು ಬಂದು, ಗಿಡದ ಕೆಳಗೆ ಬಗ್ಗಿ ನಿಂತಿದ್ದರು. ಬುಗುರಿಯನ್ನು ಕೈಗೆ ತೆಗೆದುಕೊಂಡು, ಅದು ಇನ್ನೂ ಬಿಸಿ ಇದ್ದದ್ದಕ್ಕೆ ಈ ಕೈಯಿಂದ ಆ ಕೈಗೆ ಬದಲಿಸಿ, ಫಾರ ಛಾನ್, ಬಹಳ ಚೆಂದ, ಫಾರ ಛಾನ್ ಎಂದರು. ಒಳ್ಳೆಯ ಮನುಷ್ಯರು. ಅತ್ತೆಗೆ ಕೈಮುಗಿದು, ದಿನವೂ ಎಳೆಯುವವರು ನೀವೇ ಏನು ಎಂದು ಮರಾಠಿಯಲ್ಲಿ ಕೇಳಿದರು. ಅತ್ತೆ ತಲೆ ಬಗ್ಗಿಸಿದಳು. ಹೌದ್ರಿ ಎಂದು ಮಾವ ಹೇಳಿದ. ಸಾಹೇಬರು ಹೆಡಮಾಸ್ತರರ ಕಡೆ ತಿರುಗಿ, ಇಂಥ ಕೆಲಸ ತಾನು ಎಲ್ಲೂ ನೋಡಿಲ್ಲವೆಂದೂ, ಆದರೆ ಇದು ಇಬ್ಬರ ಕೆಲಸ, ಶಾಲೆಗೆ ಸಿಕ್ಕಿದ್ದು ಒಬ್ಬರ ಜಾಗವೆಂದೂ, ಈ ಹೆಣ್ಣುಮಗಳು ಬಾರದ ದಿನ ಮಕ್ಕಳು ಏನು ಕಲಿಯಬೇಕೆಂದೂ ಮೆತ್ತಗೆ ಹೇಳಿದರು. ಮುಂದೆ ಆ ಜಾಗಕ್ಕೆ ಕೊಲ್ಹಾಪುರದಿಂದ ಒಬ್ಬರು ಬಂದು ಕಾಗದದ ಪೆಟ್ಟಿಗೆ ಮಾಡುವುದನ್ನು ಕಲಿಸಿದರು.

ಅಂದು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಅತ್ತೆ ಗಂಟು ಬಿಚ್ಚಿ ಉಳಿದ ಅರಗಿನ ಕಡ್ಡಿಗಳನ್ನು ಗೂಡಿನಲ್ಲಿಟ್ಟಳು. ಮಾವ ಹೊಸ ಅಂಗಿಯನ್ನು ಕಳಚಿ ಗೂಟಕ್ಕೆ ಹಾಕಿದ. ನಾನು ನಡುವೆ ಕುಳಿತೇ ಇದ್ದೆ, ಆದರೆ ಆ ಮಾತು ನನ್ನ ಮೂಲಕ ಹೋಗಲಿಲ್ಲ.

“ನೀವ್ಯಾಕ ಬಡದ್ರಿ?” ಎಂದಳು ಅತ್ತೆ.

ಮಾವ ಗೂಟದ ಮೇಲಿನ ಅಂಗಿಯ ತೋಳನ್ನು ಸರಿಮಾಡಿದ. “ನೀ ಯಾಕ ಎದ್ದಿ?” ಎಂದ.

ಒಬ್ಬರ ಮೇಲೊಬ್ಬರು ಸಿಟ್ಟಾಗುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅತ್ತೆ ಒಲೆ ಹೊತ್ತಿಸಲು ಒಳಗೆ ಹೋದಳು.

ಆ ಮಳೆಗಾಲಕ್ಕೆ ಮೊದಲು ಅವರು ಇಚಲಕರಂಜಿಗೆ ಹೋದರು. ನನ್ನ ತಂದೆ ನನ್ನನ್ನು ಕೊಲ್ಹಾಪುರಕ್ಕೆ ಕರೆದುಕೊಂಡರು. ಮನೆಯನ್ನು ಒಬ್ಬ ಬೆಲ್ಲದ ವ್ಯಾಪಾರಿ ಹಿಡಿದ. ಬೆಲ್ಲದ ಪೆಂಟೆಗಳನ್ನು ಹೊರಳಿಸುವಾಗ ಕಾಲಿಗೆ ತಾಗುತ್ತವೆಂದು ಪಡಸಾಲೆಯ ಕಂಬಗಳನ್ನು ನೆಲದ ಮಟ್ಟಕ್ಕೆ ಕೊಯ್ಯಿಸಿದನಂತೆ. ವಿಚಾರಿಸಿದರೆ ಅವನ ತಪ್ಪೇನೂ ಇಲ್ಲ. ಈಗ ಆ ಓಣಿಯಲ್ಲಿ ಹೋದರೆ ಬೆಲ್ಲದ ವಾಸನೆ ಬರುತ್ತದೆ, ಅದೂ ಕೆಟ್ಟ ವಾಸನೆಯಲ್ಲ. ನಾನು ಒಂದು ಸಲ ಮಾತ್ರ ಹೋಗಿದ್ದೆ.

ರಜೆಯಲ್ಲಿ ನಾನು ಇಚಲಕರಂಜಿಗೆ ಹೋಗುತ್ತಿದ್ದೆ. ಹಾತಕಣಂಗಲೆಯವರೆಗೆ ರೇಲ್ವೆ, ಅಲ್ಲಿಂದ ಟಾಂಗಾ. ಮಗ್ಗಗಳ ಸದ್ದು ಊರಿಗಿಂತ ಮೊದಲು ಸಿಗುತ್ತಿತ್ತು. ಎರಡು ಕೋಣೆಯ ಬಾಡಿಗೆ ಮನೆ, ನೆಲಕ್ಕೆ ಹಾಸುಗಲ್ಲು. ಮಾವ ಕಾರಖಾನೆಯ ಭೋಂಗಾ ಕೂಗಿದಾಗ ಹೋಗಿ ಭೋಂಗಾ ಕೂಗಿದಾಗ ಬರುತ್ತಿದ್ದ. ಅತ್ತೆ ಓಣಿಯ ಉಳಿದ ಹೆಂಗಸರಂತೆ ಮನೆಯಲ್ಲೇ ಕುಳಿತು ಬಾಬಿನುಗಳಿಗೆ ನೂಲು ಸುತ್ತುವ ಕೆಲಸ ಹಿಡಿದಿದ್ದಳು. ಎಡಗೈಯಲ್ಲಿ ನೂಲು, ಬಲಗೈಯಲ್ಲಿ ರಾಟೆಯ ಹಿಡಿಕೆ, ಎದುರಿಗೆ ಗೋಡೆ. ಹೊಸದಾಗಿ ನಾನು ಕಂಡದ್ದೆಂದರೆ ಅವರಿಬ್ಬರೂ ಮಾತಾಡತೊಡಗಿದ್ದರು. ಊಟದ ಹೊತ್ತಿಗೆ ನನ್ನನ್ನು ದಾಟಿ ನೇರವಾಗಿ ಮಾತಾಡುತ್ತಿದ್ದರು. ಇಂದು ಇಂಜಿನ್ ಎಷ್ಟು ಹೊತ್ತು ನಿಂತಿತ್ತು, ಯಾವ ಕಟ್ಟಿಗೆ ಬಂದಿತ್ತು, ಮಗ್ಗುಲಲ್ಲಿ ಕೂಡುವವನು ಯಾರು, ಯಾವ ಊರವನು ಎಂದು ಅತ್ತೆ ಒಂದೊಂದಾಗಿ ಕೇಳುತ್ತಿದ್ದಳು. ಮಾವ, ದೂರದ ಊರಿಗೆ ಹೋಗಿಬಂದವರು ಹೇಳುವಂತೆ, ಎಲ್ಲವನ್ನೂ ಹೇಳುತ್ತಿದ್ದ. ನೋಡಿದವರು ಅವರನ್ನು ಬಹಳ ಅನ್ಯೋನ್ಯವಾದ ಗಂಡಹೆಂಡಿರು ಎಂದುಕೊಳ್ಳಬಹುದಿತ್ತು. ಅದು ಸುಳ್ಳೂ ಅಲ್ಲ.

ನಾನು ಕಾಲೇಜು ಸೇರಿದ ವರ್ಷ ಅತ್ತೆ ಜ್ವರದಿಂದ ತೀರಿಕೊಂಡಳು. ಮಾವ ಆಮೇಲೆ ಎರಡು ವರ್ಷವಿದ್ದ, ಕೊನೆಯವರೆಗೂ ಕಾರಖಾನೆಗೆ ಹೋಗುತ್ತಿದ್ದ. ಅವರಿಬ್ಬರನ್ನೂ ಒಟ್ಟಿಗೆ ನಾನು ಕೊನೆಗೆ ಕಂಡದ್ದು ಒಂದು ದೀಪಾವಳಿಯ ರಜೆಯಲ್ಲಿ. ಹೊರಡುವ ದಿನ ಸಂಜೆ ಮಾವ ಕೆಲಸದಿಂದ ಬಂದು ಕೈಕಾಲು ತೊಳೆದು ಕುಳಿತಿದ್ದ. ನೂಲಿನ ವ್ಯಾಪಾರಿಯ ಮನೆಯಿಂದ ಅಂದೇ ಬಂದ ಹೊಸ ಬಾಬಿನುಗಳ ಬುಟ್ಟಿ ಅತ್ತೆಯ ಮುಂದಿತ್ತು. ನೂಲು ಸುತ್ತುವ ಮೊದಲು ಅವಳು ಪ್ರತಿಯೊಂದರ ಮೈಮೇಲೂ ಒಮ್ಮೆ ಹೆಬ್ಬೆರಳು ಆಡಿಸುತ್ತಿದ್ದಳು. ನೂಲು ಸಿಕ್ಕುವಂಥ ಸಿಬಿರು ಇದೆಯೇ ಎಂದು ಎಲ್ಲ ಹೆಂಗಸರೂ ಹಾಗೆ ನೋಡುತ್ತಾರೆ. ಒಂದನ್ನು ಅವಳು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದು ಮಾವನ ಮುಂದೆ ಚಾಚಿದಳು.

“ಇದು ನಿಮ್ಮದೇನ್ರಿ?”

ಮಾವ ಅದನ್ನು ತೆಗೆದುಕೊಂಡು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದ. ತಿರುಗಿಸಿ ಕುತ್ತಿಗೆಯ ಕಡೆ ನೋಡಿದ, ತುದಿಯ ಕಡೆ ನೋಡಿದ. ಬುಟ್ಟಿಯಿಂದ ಇನ್ನೊಂದನ್ನು ತೆಗೆದು ಎರಡನ್ನೂ ಮಗ್ಗುಲು ಮಗ್ಗುಲಲ್ಲಿ ಹಿಡಿದ.

“ಇದ್ದೀತು” ಎಂದ.

ಅತ್ತೆ ಅದನ್ನು ತಿರುಗಿ ತೆಗೆದುಕೊಂಡು ರಾಟೆಗೆ ಸಿಕ್ಕಿಸಿದಳು. ನೂಲಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದು ಹಿಡಿಕೆ ತಿರುವಿದಳು. ಸ್ವಲ್ಪ ಹೊತ್ತಿಗೆ ಬಿಳಿಯ ನೂಲಿನ ಕೆಳಗೆ ಕಟ್ಟಿಗೆ ಕಾಣದಾಯಿತು.